ಬಂದವರ ತಾಟು

ನಮ್ಮ ಮನೆಯಲ್ಲೊಂದು ಕಂಚಿನ ತಾಟಿದೆ. ಅಂಚು ದಪ್ಪ, ತಳ ಅಗಲ, ಒಂದೇ ಕೈಯಲ್ಲಿ ಎತ್ತಿದರೆ ಮುಂಗೈ ಜಗ್ಗುವಷ್ಟು ಭಾರ. ಹುಣಸೆಹಣ್ಣು ಹಚ್ಚಿ ತಿಕ್ಕಿದ ದಿನ ಅದರಲ್ಲಿ ನಮ್ಮ ಮುಖ ಕಾಣುತ್ತದೆ, ತಿಕ್ಕದ ದಿನ ನಮ್ಮ ಸೋಮಾರಿತನ ಕಾಣುತ್ತದೆ. ಅದು ನನ್ನದಲ್ಲ, ನನ್ನ ಗಂಡನದೂ ಅಲ್ಲ. ಅದರ ಹೆಸರೇ ‘ಬಂದವರ ತಾಟು’. ನಾನು ಮದುವೆಯಾಗಿ ಬಸವಕಲ್ಯಾಣದ ಮನೆಗೆ ಕಾಲಿಟ್ಟ ಹೊಸತರಲ್ಲಿ, ಊಟಕ್ಕೆ ಕೂಡುವ ಮುಂಚೆ ಮಾವನವರು ಹೊಸ್ತಿಲ ಮೇಲೆ ನಿಂತು, ಓಣಿಯ ಕಡೆ ಮುಖ ಮಾಡಿ, “ಯಾರರ ಹಸ್ದವರು ಇದ್ರ ಉಣ್ಣಾಕ ಬರ್ರಿ” ಎಂದು ಕೂಗುವುದನ್ನು ಕಂಡು ಬೆರಗಾಗಿದ್ದೆ. ಹಾಗೆ ಬಂದವರಿಗೆ ಈ ತಾಟು. ಮನೆಯವರು ಯಾರೂ ಅದರಲ್ಲಿ ಉಣ್ಣುವಂತಿಲ್ಲ, ಹಬ್ಬದ ದಿನವೂ ಇಲ್ಲ.

ಮಾವನವರು ಹೋದ ಮೇಲೆ ಕೂಗುವ ಕೆಲಸ ನಮ್ಮವರ ಪಾಲಿಗೆ ಬಂತು. ಅಂಚೆ ಕಚೇರಿಯ ನೌಕರಿಗಾಗಿ ಹುಮನಾಬಾದಿಗೆ ಬಂದು ಇಲ್ಲೇ ಮನೆ ಕಟ್ಟಿ ನಿವೃತ್ತರಾದರೂ ಅದನ್ನು ಬಿಡಲಿಲ್ಲ. ಆದರೆ ಅವರದು ಹುಟ್ಟಾ ಮೆತ್ತಗಿನ ದನಿ. ಆ ಕೂಗು ನಮ್ಮ ಗೇಟು ದಾಟುತ್ತದೆಂದು ನನಗೆ ನಂಬಿಕೆಯಿಲ್ಲ. ಒಮ್ಮೊಮ್ಮೆ ಸಿಲಿಂಡರ್ ತಂದವರೋ, ಬಸ್ಸು ತಪ್ಪಿಸಿಕೊಂಡವರೋ ಬಂದು ಕೂಡುತ್ತಾರೆ. ಉಳಿದ ದಿನಗಳಲ್ಲಿ ತಾಟು ಗೋಡೆಗೆ ಒರಗಿಕೊಂಡು ನಾವು ಉಣ್ಣುವುದನ್ನು ನೋಡುತ್ತಿರುತ್ತದೆ.

ಇಂಥ ತಾಟಿನ ಜೊತೆ ನನಗೆ ಜಗಳ ಹತ್ತಿದ್ದು ಒಂದು ಗಾಡಿಯ ಕಾರಣಕ್ಕೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಗೋಡೆಯ ನಕಾಶೆಯ ಮೇಲೆ ಕೋಲು ಆಡಿಸುತ್ತ ಹಿಮಾಲಯವನ್ನು ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕವಿಲ್ಲ. ಕಾಲಿನಿಂದ ಮಾತ್ರ ಸೋಲಾಪುರದ ಆಚೆ ದಾಟಿರಲಿಲ್ಲ. ಕೋಲು ಹೋದಲ್ಲೆಲ್ಲ ಒಮ್ಮೆ ನಾನೂ ಹೋಗಬೇಕೆಂಬ ಹುಚ್ಚು ನಿವೃತ್ತಿಯ ಮರುದಿನವೇ ಹತ್ತಿತು. ಹೋಟೆಲು, ರೈಲು, ಟೂರಿನವರ ಬಸ್ಸು ಯಾವುದೂ ಬೇಡ. ನಮ್ಮದೇ ಗಾಡಿ, ಅದರಲ್ಲೇ ಹಾಸಿಗೆ, ಅದರಲ್ಲೇ ಒಲೆ, ಮನಸ್ಸು ಬಂದಲ್ಲಿ ಠಿಕಾಣಿ. ಮೊದಲು ಕಛ್‌ನ ಉಪ್ಪಿನ ಬಯಲಾದ ಬಿಳಿ ರಣ, ಆಮೇಲೆ ಹಿಮಾಲಯದ ಸ್ಪಿತಿ ಕಣಿವೆ. ಮೊಬೈಲಿನಲ್ಲಿ ಇಂಥ ಪ್ರಯಾಣಿಕರ ವಿಡಿಯೋಗಳನ್ನು ನೋಡಿ ನೋಡಿ ನನಗೆ ಕನಸಿನಲ್ಲೂ ನಟ್ಟು ಬೋಲ್ಟುಗಳೇ ಬರತೊಡಗಿದವು.

ಹಳ್ಳಿಖೇಡದ ಕಬ್ಬಿನ ಗುತ್ತಿಗೆದಾರರೊಬ್ಬರು ತಮ್ಮ ಏಳು ಸೀಟಿನ ದೊಡ್ಡ ಎಸ್‌ಯುವಿ ಮಾರುತ್ತಾರೆಂದು ತಿಳಿದು ಹೋಗಿ ನೋಡಿದೆ. ಬೆಳ್ಳಗೆ, ಎತ್ತರಕ್ಕೆ, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಗಾಡಿ. ಸೀಟಿನ ಸಂದಿಯಲ್ಲಿ ಕಬ್ಬಿನ ಸಿಪ್ಪೆ, ಒಳಗೆಲ್ಲ ಹೊಸ ಬೆಲ್ಲದ ವಾಸನೆ. ಬಾಗಿಲು ತೆರೆದು ಹತ್ತಿ ಸ್ಟೇರಿಂಗ್ ಹಿಡಿದಾಗ ಆದ ಖುಷಿಯನ್ನು ಹೇಗೆ ಹೇಳಲಿ? ಅದನ್ನು ಕೊಂಡು ಹೈವೇ ಹಿಡಿದು ಮನೆಗೆ ಬರುವವರೆಗೂ ಒಬ್ಬಳೇ ನಗುತ್ತಿದ್ದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಗಾಡಿ ಕಟ್ಟಿ ನೋಡು ಎಂದೂ ಸೇರಿಸುತ್ತಿದ್ದರು, ಅವರ ಕಾಲಕ್ಕೆ ಈ ಹುಚ್ಚು ಇರಲಿಲ್ಲ. ಹುಮನಾಬಾದಿನಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಕಟ್ಟುವ ಚಾಂದ್ ಮಿಸ್ತ್ರಿಯ ವೆಲ್ಡಿಂಗ್ ಅಂಗಡಿಯೇ ನನ್ನ ಹೊಸ ಶಾಲೆಯಾಯಿತು. ಹಿಂದಿನ ಎರಡು ಸಾಲು ಸೀಟು ಬಿಚ್ಚಿಸಿದೆ. ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಅಳತೆಗೆ ಕತ್ತರಿಸಿದ ಗಾದಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ತಿರುಗಿಸಿ, ನಮ್ಮವರನ್ನು ನೆಲದ ಮೇಲೆ ಮಲಗಿಸಿ, ಅವರ ಕಾಲು ಇದ್ದಷ್ಟು ಹಾಸಿಗೆ ಮಾಡಿಸಿದೆ. ಹಾಸಿಗೆಯ ಕೆಳಗೆ ಎರಡು ಉದ್ದನೆಯ ಡ್ರಾಯರು: ಒಂದರಲ್ಲಿ ಜ್ಯಾಕು, ಎಳೆಯುವ ಹಗ್ಗ, ಸಲಿಕೆ, ಗಾಲಿಗೆ ಗಾಳಿ ಹಾಕುವ ಪುಟ್ಟ ಯಂತ್ರ, ಇನ್ನೊಂದು ಅಡಿಗೆಮನೆ. ಹಿಂಬಾಗಿಲು ಮೇಲೆತ್ತಿ ಡ್ರಾಯರು ಎಳೆದರೆ ಒಲೆ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ನೀರಿನ ಟ್ಯಾಂಕಿಗೆ ಹಿಂದುಗಡೆ ನಳ. ಎಂಜಿನ್ ನಿಂತ ಮೇಲೂ ದೀಪ ಉರಿಯಲು, ಸಣ್ಣ ಫ್ರಿಜ್ ನಡೆಯಲು ಇನ್ನೊಂದು ಬ್ಯಾಟರಿ. ತಲೆಯ ಮೇಲಿನ ಕ್ಯಾರಿಯರಿಗೆ ಸುತ್ತಿಟ್ಟ ತಾಡಪತ್ರಿ. ಬಿಚ್ಚಿ ಎರಡು ಗೂಟ ಊರಿದರೆ ಪಡಸಾಲೆ ಸಿದ್ಧ. ಕಿಟಕಿಗೆ ನನ್ನ ಹಳೆಯ ನೂಲಿನ ಸೀರೆಯ ಪರದೆ. ಒಂದೊಂದು ಮೊಳೆ ಕೂತಾಗಲೂ ಗಾಡಿಯನ್ನು ಸುತ್ತು ಹಾಕಿ ನೋಡುತ್ತಿದ್ದೆ. ಹೊಸ ಮದುಮಗಳನ್ನು ನೋಡಲು ನೆವ ಹುಡುಕಿಕೊಂಡು ಬರುವ ಓಣಿಯ ಹೆಂಗಸರೂ ಅಷ್ಟು ಸಲ ಬರುವುದಿಲ್ಲ.

ಈ ವಿದ್ಯೆಯಲ್ಲಿ ಒಂದೇ ಮಂತ್ರ: ಬೇಡದ್ದನ್ನು ಒಯ್ಯಬೇಡ. ತೂಕ ಹೆಚ್ಚಿದರೆ ಘಾಟಿನಲ್ಲಿ ಎಂಜಿನ್ ಏದುತ್ತದೆ, ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ. ಹಾಗಾಗಿ ಅಡಿಗೆಯ ಡ್ರಾಯರಿನಲ್ಲಿ ಪ್ರತಿಯೊಂದಕ್ಕೂ ಅಳತೆಯ ಗೂಡು ಮಾಡಿಸಿದ್ದೆ. ಎರಡು ಲೋಟ, ಎರಡು ಚಮಚ, ಒಂದರೊಳಗೊಂದು ಕೂಡುವ ಪಾತ್ರೆಗಳು, ಬೆಟ್ಟ ಹತ್ತುವವರು ಒಯ್ಯುವಂಥ ಹಗುರಾದ ಎರಡು ಪುಟ್ಟ ತಟ್ಟೆ. ಎಲ್ಲ ಮುಗಿಯಿತೆಂದು ಕೈ ಒರೆಸಿಕೊಳ್ಳುವಾಗ ನಮ್ಮವರು ಕಂಚಿನ ತಾಟನ್ನು ಎದೆಗವಚಿಕೊಂಡು ಬಂದು, ಇದನ್ನು ಎಲ್ಲಿ ಇಡಲಿ ಎಂದು ಕೇಳಿದರು. ಯಾವ ಗೂಡಿನಲ್ಲೂ ಅದು ಹಿಡಿಸಲಿಲ್ಲ. ಓರೆ ಮಾಡಿ ತುರುಕಿದರೆ ಡ್ರಾಯರು ಮುಚ್ಚಲಿಲ್ಲ.

ನಾನು ತೂಕದ ಶಾಸ್ತ್ರ ಹೇಳಿದೆ. ಅವರು, ಲಾರಿ ತೂಗುವ ಕಾಟಾಕ್ಕೆ ಗಾಡಿ ಒಯ್ಯೋಣ ಎಂದರು. ಒಯ್ದೆವು. ಕಬ್ಬು ಎಲ್ಲಿ ಎಂದು ಕಾಟಾದವನು ಗಾಡಿಯೊಳಗೆ ಇಣುಕಿ ನೋಡಿದ. ತಾಟು ಇದ್ದಾಗ ಒಮ್ಮೆ, ಇಳಿಸಿ ಒಮ್ಮೆ ತೂಗಿಸಿದರೆ ಲಾರಿಗಳ ಭಾರ ಹೊತ್ತು ಮರಗಟ್ಟಿದ ಆ ಕಾಟಾದ ಅಂಕಿ ಕದಲಲೇ ಇಲ್ಲ. ನಮ್ಮವರು ನನ್ನ ಮುಖ ನೋಡಿದರು. ಪ್ರಶ್ನೆ ತೂಕದ್ದಲ್ಲ, ಜಾಗದ್ದು ಎಂದು ನಾನು ಪಾಠ ಬದಲಿಸಿದೆ. ಮರಳುಗಾಡಿನಲ್ಲಿ, ಹಿಮದ ಬೆಟ್ಟದಲ್ಲಿ ಊಟಕ್ಕೆ ಯಾರು ಬರುತ್ತಾರೆ ಎಂದು ಕೇಳಿದೆ.

“ಬರಲಿ ಬಿಡಲಿ, ಕರೀಬೇಕಲ್ಲ,” ಎಂದರು. ತಾಟಿನ ಅಂಚನ್ನು ಅಂಗಿಯ ತುದಿಯಿಂದ ಒರೆಸುತ್ತ, “ಕರೀದ ಉಂಡ ಅನ್ನ ನನಗ ಇಳಿಯೂದಿಲ್ಲ. ನೀ ಹೋಗಿ ಬಾ, ನಾ ಮನಿ ನೋಡ್ಕೋತೀನಿ,” ಎಂದರು.

ಎಲ್ಲದಕ್ಕೂ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ ಇಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಾಡಿ ನಡೆಸಲು ನನಗೆ ಯಾರೂ ಬೇಕಿಲ್ಲ, ನಿಜ. ಆದರೆ ಸ್ಪಿತಿಯ ನದಿ ಕಂಡಾಗ, “ರೀ, ಅಲ್ನೋಡ್ರಿ” ಎನ್ನಲು ಪಕ್ಕದ ಸೀಟಿನಲ್ಲಿ ಅವರಿಲ್ಲದಿದ್ದರೆ ಆ ನದಿ ನನಗೆ ನಕಾಶೆಯ ನೀಲಿ ಗೆರೆಯೇ. ಅವರಿಲ್ಲದೆ ಹೋಗಲಾರೆ, ತಾಟಿಗೆ ಸೋಲಲೂ ಮನಸ್ಸಿಲ್ಲ. ಕೊನೆಗೆ ಒಂದು ಷರತ್ತು ಕಟ್ಟಿದೆವು. ಹೊರಡುವ ಮುಂಚೆ ಊರ ಹತ್ತಿರವೇ ಒಂದು ಸಂಜೆ ಬಯಲಲ್ಲಿ ಠಿಕಾಣಿ ಹೂಡಿ ನೋಡುವುದು, ತಾಟನ್ನೂ ಒಯ್ಯುವುದು. ಅವರು ಕರೆದಾಗ ಯಾರಾದರೂ ಉಣ್ಣಲು ಬಂದರೆ ತಾಟಿಗೆ ಗಾಡಿಯಲ್ಲಿ ಜಾಗ. ಬರದಿದ್ದರೆ ತಾಟು ಮನೆಯಲ್ಲಿ, ಅವರು ಗಾಡಿಯಲ್ಲಿ.

ಜಾಗ ಆರಿಸುವುದು ನನ್ನ ಪಾಲಿಗಿತ್ತು, ಭೂಗೋಳದವಳನ್ನು ಕೇಳಬೇಕೇ? ಬಸವಕಲ್ಯಾಣದ ದಾರಿಯಲ್ಲಿ ಹೈವೇ ಬಿಟ್ಟು ಒಳಗೆ, ಊರಿಲ್ಲದ, ಬಾವಿಯಿಲ್ಲದ, ಹುಲ್ಲೂ ಹೆದರಿ ಬೆಳೆಯುವ ಕೆಂಪು ಮುರುಮಿನ, ಬರೀ ಗರಸು ಮಣ್ಣಿನ ದಿಬ್ಬವೊಂದನ್ನು ಹುಡುಕಿ ಗಾಡಿ ನಿಲ್ಲಿಸಿದೆ. ದೂರದಲ್ಲಿ ಒಂದು ತೊಗರಿ ಹೊಲ, ಅದರಾಚೆ ಒಂದು ಗುಡಿಸಲು. ಅಷ್ಟು ದೂರ ನಮ್ಮವರ ದನಿ ಹೋಗುವ ಮಾತೇ ಇಲ್ಲ. ತಾಡಪತ್ರಿ ಬಿಚ್ಚಿದೆ, ಗೂಟ ಊರಿದೆ, ಡ್ರಾಯರು ಎಳೆದೆ. ಒಲೆ ಒಂದೇ ಸಲಕ್ಕೆ ಹತ್ತಿಕೊಂಡಿತು. ನಳ ತಿರುಗಿಸಿದರೆ ನೀರು ಬಂತು, ಗುಂಡಿ ಒತ್ತಿದರೆ ದೀಪ ಬಂತು. ನಾನು ಮಾಡಿದ್ದೆಲ್ಲ ನಾನು ಹೇಳಿದ ಹಾಗೆ ಕೇಳುತ್ತಿದ್ದ ಆ ಸಂಜೆ, ಈ ವಯಸ್ಸಿನಲ್ಲಿ ಕುಣಿಯಬಾರದೆಂದು ಸುಮ್ಮನೆ ನಿಂತಿದ್ದೆ.

ದಿಬ್ಬದ ಕೆಳಗಿನ ದಾರಿಯಲ್ಲಿ ಹೋಗುತ್ತಿದ್ದ ಮೋಟರ್ ಸೈಕಲ್ಲಿನವನೊಬ್ಬ ನಮ್ಮನ್ನು ಕಂಡು ತಿರುಗಿ ಬಂದು, ಗಾಡಿ ಖರಾಬ್ ಆಗ್ಯಾದೇನ್ರಿ ಎಂದು ಕೇಳಿದ. ಇಲ್ಲಪ್ಪಾ, ಸುಮ್ಮನೆ ಇರಲು ಬಂದಿದ್ದೇವೆ ಎಂದೆ. ಬಯಲಲ್ಲಿ ಸುಮ್ಮನೆ ಯಾರಾದರೂ ಇರುತ್ತಾರೆಯೇ? ನಾಚಿಕೆಗೆ ಹಾಗೆ ಹೇಳುತ್ತಾರೆಂದು ಅವನು ತಿಳಿದಿರಬೇಕು. ಫಿಕರ್ ಮಾಡಬ್ಯಾಡ್ರಿ, ಮುಂದಿನ ಊರಾಗ ಹೇಳ್ತೀನಿ ಎಂದು ಧೈರ್ಯ ತುಂಬಿ ಹೋದ. ಅವನು ಊಟಕ್ಕೆ ಬಂದವನಲ್ಲ, ಲೆಕ್ಕಕ್ಕಿಲ್ಲ ಎಂದು ನಾನು ಮೊದಲೇ ತೀರ್ಪು ಕೊಟ್ಟೆ.

ಖಿಚಡಿ ಇಳಿಯಿತು. ನಮ್ಮವರು ಕೈತೊಳೆದು ಎದ್ದರು, ಆದರೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗಾಡಿಯ ಸುತ್ತ ಒಮ್ಮೆ ಓಡಾಡಿದರು. ಎಲ್ಲ ಇದ್ದ ನನ್ನ ಮನೆಗೆ ಹೊಸ್ತಿಲೊಂದು ಇರಲಿಲ್ಲ. ಕೊನೆಗೆ ಮೇಲೆತ್ತಿದ ಹಿಂಬಾಗಿಲಿನ ಕೆಳಗೆ ನಿಂತು, ಬಯಲಿಗೆ ಮುಖ ಮಾಡಿ, ಎಂದಿನ ಮೆಲುದನಿಯಲ್ಲಿ ಕರೆದರು. ಒಂದು ಟಿಟ್ಟಿಭ ಹಕ್ಕಿ ಕೂಗಿಕೊಂಡು ಹಾರಿತು, ಅಷ್ಟೇ. ಕೆಂಪು ದಿಬ್ಬದ ಮೇಲೆ ಆ ಸಣ್ಣ ದನಿ ಕೇಳಿ ನನ್ನ ಗೆಲುವಿನ ಖುಷಿ ಅರ್ಧಕ್ಕರ್ಧ ಇಳಿದುಹೋಯಿತು.

ಆಗ ತೊಗರಿ ಹೊಲದ ಕಡೆಯಿಂದ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ಗಂಟು ಹೊತ್ತು ಬರುವುದು ಕಂಡಿತು. ನನ್ನ ವಯಸ್ಸಿನವಳೇ. ಹೆಸರು ರತ್ನಾಬಾಯಿ, ಆ ಗುಡಿಸಲಿನವಳು. ಗಂಟು ಇಳಿಸುತ್ತಲೇ, “ಗಾಡಿ ಕೆಟ್ಟು ಇಬ್ಬರು ಕುಂತಾರಂತ ಆ ಮೋಟರ್ ಸೈಕಲ್ಲಿನಂವ ಹೇಳ್ದ. ರೊಟ್ಟಿ ಬಡದೀನ್ರಿ, ಉಣ್ರಿ,” ಎಂದಳು.

ನಮ್ಮವರ ಮುಖ ಅರಳಿತು, ಕೈ ತಾಟಿಗೆ ಹೋಯಿತು. ನಾನು ಬಿಡಲಿಲ್ಲ, ಬಂದವಳು ಉಣ್ಣಲು ಬಂದವಳಲ್ಲ, ಉಣಿಸಲು ಬಂದವಳು ಎಂದು ಅವರ ಕಿವಿಯಲ್ಲಿ ಹೇಳಿದೆ. ಅವರು ನ್ಯಾಯವಂತ ಮನುಷ್ಯ. “ಖರೇ ಅದ. ನಾ ಸೋತೆ, ತಾಟು ಮನ್ಯಾಗಿರಲಿ, ನಾ ಬರ್ತೀನಿ,” ಎಂದು ಅದನ್ನು ಅರಿವೆಯಲ್ಲಿ ಸುತ್ತತೊಡಗಿದರು. ಗೆದ್ದೆ. ಆದರೆ ಆ ಸುತ್ತುವ ಕೈಗಳನ್ನು ನೋಡುತ್ತ ನನಗೆ ಅಳು ಬಂದಂತಾಯಿತು.

ನಮ್ಮ ಷರತ್ತು ರತ್ನಾಬಾಯಿಗೇನು ಗೊತ್ತು? ಅವಳು ನನ್ನ ಪುಟ್ಟ ತಟ್ಟೆಯ ಮೇಲೆ ಜೋಳದ ರೊಟ್ಟಿ ಇಟ್ಟಳು. ಬಿಸಿ ರೊಟ್ಟಿ ತಟ್ಟೆಯ ನಾಲ್ಕೂ ಕಡೆ ಜೋತುಬಿದ್ದು ಮುರುಮಿಗೆ ತಾಗಿತು. ಗಂಡನ ಕಾಲಿನಿಂದ ಹಿಡಿದು ಚಮಚದ ಹಿಡಿಯವರೆಗೆ ಎಲ್ಲ ಅಳೆದವಳು, ದಿನಾ ಉಣ್ಣುವ ರೊಟ್ಟಿಯ ಅಗಲ ಅಳೆಯಲು ಮರೆತಿದ್ದೆ. “ಇದ್ರಾಗ ರೊಟ್ಟಿ ಹ್ಯಾಂಗ ಕುಂದ್ರತಾದ್ರಿ?” ಎನ್ನುತ್ತ ಅವಳು ನಮ್ಮವರ ಕೈಯಿಂದ ಕಂಚಿನ ತಾಟು ಇಸಿದುಕೊಂಡು, ಅರಿವೆ ಬಿಚ್ಚಿ, ರೊಟ್ಟಿ ಹಾಸಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಬಡಿಸಿ ನನ್ನ ಮುಂದೆ ಸರಿಸಿದಳು. “ದೂರಿಂದ ಬಂದೀರಿ ಅಕ್ಕಾ, ಮೊದ್ಲ ನೀವು ಉಣ್ರಿ.”

ನಮ್ಮ ಮನೆ ಅಲ್ಲೇ ಹುಮನಾಬಾದಿನಲ್ಲಿದೆ ಎನ್ನಲು ಬಾಯಿ ಬರಲಿಲ್ಲ. ಮನೆಯವರು ಮುಟ್ಟದ ತಾಟು ಅದು. ಏನು ಮಾಡಲಿ ಎಂಬಂತೆ ನಮ್ಮವರ ಮುಖ ನೋಡಿದೆ. ಅವರು ನಕ್ಕರು.

“ಉಣ್ಣು. ಇವತ್ತ ಬಂದಾಕಿ ನೀನೇ.”

ಉಂಡೆ. ಮದುವೆಯಾದಂದಿನಿಂದ ಬರೀ ತಿಕ್ಕಿದ ತಾಟಿನಲ್ಲಿ ಮೊದಲ ಸಲ ಉಂಡೆ. ರತ್ನಾಬಾಯಿಗೆ ನಮ್ಮ ಖಿಚಡಿ ಬಡಿಸಿದೆವು. ಪುಟ್ಟ ತಟ್ಟೆಯಲ್ಲಿ ಅವಳೂ ಉಂಡಳು, ಉಪ್ಪು ಕಮ್ಮಿ ಎಂದಳು. ಯಾರ ಹಂಗೂ ಇಲ್ಲದ ಮನೆಯೊಂದನ್ನು ಗಾಲಿಯ ಮೇಲೆ ಕಟ್ಟಿದ್ದೇನೆಂದು ನಾನು ಬೀಗುತ್ತಿದ್ದೆನಲ್ಲ, ನೀರು, ದೀಪ, ಬೆಂಕಿ ಎಲ್ಲ ನನ್ನವೇ ಎಂದು? ಅವೆಲ್ಲ ಬೇಕು, ಅವುಗಳ ಮೇಲಿನ ನನ್ನ ಮೋಹ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಗೇರು ಹಾಕಿ ಊರು ದಾಟಿದ ಮೇಲೆ ಹೋದಲ್ಲೆಲ್ಲ ನಾವು ಬಂದವರೇ. ಆ ಮಾತು ನನಗೆ ಯಾವ ನಕಾಶೆಯಲ್ಲೂ ಸಿಕ್ಕಿರಲಿಲ್ಲ. ಮಾವನವರು ಹೊಸ್ತಿಲ ಮೇಲೆ ನಿಂತು ಕರೆಯುತ್ತಿದ್ದದ್ದು ನನ್ನಂಥವರನ್ನೇ.

ಮರುದಿನ ಗಾಡಿಯನ್ನು ಮತ್ತೆ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಮತ್ತ ಕೊಯ್ಯೂದೇನ್ರಿ ಮೇಡಂ ಎಂದು ಚಾಂದ್ ಮಿಸ್ತ್ರಿ ತಲೆ ಮೇಲೆ ಕೈ ಹೊತ್ತ. ಕೊಯ್ಯಿಸಿದೆ. ಅಷ್ಟು ಆಸೆಪಟ್ಟು ತಂದ ಫ್ರಿಜ್ ಇಳಿಯಿತು. ಉಳಿದದ್ದನ್ನು ಇಡುವ ಪೆಟ್ಟಿಗೆ ಅದು, ಕರೆದು ಉಣ್ಣುವವರಿಗೆ ಉಳಿಯುವುದೇನು? ಈ ಸಲ ಮೊದಲು ತಾಟನ್ನು ಹಲಗೆಯ ಮೇಲೆ ಇಟ್ಟು, ಅದರ ಸುತ್ತ ಅಡಿಗೆಮನೆ ಅಳೆದೆ.

ಬರುವ ಸೋಮವಾರ ಹೊರಡುತ್ತೇವೆ. ಈಗಲೇ ನನಗೆ ನಿದ್ದೆ ಹತ್ತುತ್ತಿಲ್ಲ. ದಾರಿಯಲ್ಲಿ ಊಟದ ಹೊತ್ತಿಗೆ ಹಿಂಬಾಗಿಲಿನ ಕೆಳಗೆ ನಿಂತು ಕರೆಯುವ ಕೆಲಸವನ್ನು ನಮ್ಮವರಿಂದ ಕೇಳಿ ಇಸಿದುಕೊಂಡಿದ್ದೇನೆ. ಕಟ್ಟಕಡೆಯ ಬೆಂಚಿಗೂ ಕೇಳುವ ದನಿ ನನ್ನದು; ಸ್ಪಿತಿಯ ಕಣಿವೆ ಎಷ್ಟು ಅಗಲವಿದ್ದೀತು?