ವಿಮಾನದ ರೆಕ್ಕೆ, ಅಜ್ಜಿಯ ಹಲ್ಲು

ಮಕ್ಕಳ ಕೈಗೆ ಇನ್ನೂ ಫೋನು ಬಾರದ ಕಾಲ. ಬೇಸಿಗೆ ರಜೆಯಲ್ಲಿ ದೇವದುರ್ಗದ ನಮ್ಮ ಮನೆಯ ಬಾಗಿಲು ಬೆಳಿಗ್ಗೆ ಹತ್ತಕ್ಕೆ ಮುಚ್ಚಿದರೆ ತೆರೆಯುತ್ತಿದ್ದುದು ಬಿಸಿಲು ಇಳಿದ ಮೇಲೆಯೇ. ನಡುವಿನ ಹೊತ್ತನ್ನು ನೀವೆಲ್ಲ ಹೇಗೆ ಕಳೆಯುತ್ತಿದ್ದಿರೋ, ನಾನಂತೂ ಅಜ್ಜಿಯೊಡನೆ ಚೌಕಾಬಾರ ಆಡಿ ಸೋಲುತ್ತಿದ್ದೆ. ಸೀರೆಯ ಅಂಚಿನಿಂದ ಕವಡೆ ಮಗುಚಿ ಹಾಕುವುದರಲ್ಲಿ ಅಜ್ಜಿಯದು ಎತ್ತಿದ ಕೈ. ಜಗಳ ತೆಗೆದರೆ, "ನಂಗ ಕಣ್ಣು ಕಾಣಂಗಿಲ್ಲಬೇ" ಎಂದುಬಿಡುತ್ತಿದ್ದಳು.

ನಾನು ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಹೈದರಾಬಾದಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಒಂದು ಡಬ್ಬಿ ತಂದುಕೊಟ್ಟ. ಮೇಲೆ ಮೋಡದ ನಡುವೆ ಹಾರುವ ವಿಮಾನದ ಚಿತ್ರ. ಒಳಗೆ ವಿಮಾನವಿರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ರೆಕ್ಕೆ, ಬಾಲ, ಗಾಲಿ. ಬಿಡಿಸಿ ಜೋಡಿಸಿಕೊಳ್ಳುವ ಕೆಲಸ ನಮ್ಮದು.

"ಇಷ್ಟ್ಯಾಕ ಬಾಚಣಿಗಿ ತಂದಾನ ನಿಮ್ಮ ಮಾವ?" ಎಂದಳು ಅಜ್ಜಿ.

ಉಗುರು ಕತ್ತರಿಸುವ ಕಟರ್‌ನಿಂದ ಒಂದೊಂದೇ ಬಿಡಿಸಿದೆ. ಬಿಡಿಸಿದ ಕಡೆಯಲ್ಲೆಲ್ಲ ಜೋಳದ ಕಾಳಿನಷ್ಟು ಗಂಟು ಉಳಿಯಿತು. ನಮ್ಮ ಎದುರುಮನೆಯಲ್ಲಿ ಮೋಟರ್ ಸೈಕಲ್‌ಗಳಿಗೆ ಬಣ್ಣ ಹೊಡೆಯುವ ಖಾಜಾ ಮಾಮಾ ಇದ್ದರು. ಅವರ ಅಂಗಡಿಯ ಥಿನ್ನರ್ ವಾಸನೆ ನನಗೆ ಮಲ್ಲಿಗೆಗಿಂತ ಇಷ್ಟ. ಅವರ ಬಳಿ ಉಜ್ಜುವ ಕಾಗದ ಕೇಳಿ ತಂದು, ಬಲರೆಕ್ಕೆಯನ್ನು ಒಂದೇ ಉಸಿರಿಗೆ ಗಸಗಸ ಉಜ್ಜಿದೆ. ಗಂಟು ಹೋಯಿತು, ಅದರ ಜೊತೆಗೆ ಅಂಚೂ ಹೋಯಿತು. ವಿಮಾನಕ್ಕೆ ಹಚ್ಚಿ ನೋಡಿದರೆ ಇರುವೆ ನುಗ್ಗುವಷ್ಟು ಸಂದು. ಅಳುತ್ತ ಖಾಜಾ ಮಾಮಾನ ಬಳಿಗೇ ಓಡಿದೆ.

"ಅರೇ ಬೇಟಾ, ಒಣಾ ತಿಕ್ಕಿದ್ರ ಪ್ಲಾಸ್ಟಿಕ್ ಬಿಸಿ ಆಗ್ತದ, ಕೆಡ್ತದ" ಎಂದು ಅವರು ಬೇರೆ ಮೂರು ತುಂಡು ಕಾಗದ ಕೊಟ್ಟರು. "ಇವು ನೀರಿನ ಕಾಗದ, ನೀರಾಗ ಅದ್ದಿ ತಿಕ್ಕೋವು. ಮೊದ್ಲು ಒರಟಿಂದು, ಆಮ್ಯಾಲ ಸಣ್ಣದು, ಕಡೀಗಿ ಇದು. ಹತ್ತು ಸಲ ತಿಕ್ಕು, ಕೈ ಆಡ್ಸಿ ನೋಡು. ತಿಕ್ಕಿ ತೆಗದಿದ್ದು ಮತ್ತ ಬರಂಗಿಲ್ಲ."

ಕೈ ಆಡಿಸಿದರೆ ನನಗೆ ಎಲ್ಲವೂ ನುಣುಪಾಗಿಯೇ ತೋರುತ್ತಿತ್ತು. ಅಜ್ಜಿ ಹತ್ತಿ ಬುಟ್ಟಿ ಮುಂದಿಟ್ಟುಕೊಂಡು ಬತ್ತಿ ಹೊಸೆಯುತ್ತ ನನ್ನ ಪರದಾಟ ನೋಡುತ್ತಿದ್ದಳು. ಮೊಣಕಾಲು ನೋವು ಬರುವವರೆಗೂ ಹೊಲದಲ್ಲಿ ಹತ್ತಿ ಬಿಡಿಸಿದ ಕೈ ಅವಳದು.

"ಹತ್ತಿ ಗಾಡಿ ಹೋದ ದಾರಿ ನೋಡೀಯಿಲ್ಲ? ಹತ್ತಿ ಎಲ್ಲಿ ಸಿಕ್ಕೊಂಡಿರ್ತದ?"

"ಜಾಲಿ ಗಿಡಕ್ಕ."

"ಹೂಂ. ಮುಳ್ಳಿದ್ದಲ್ಲಿ ಹತ್ತಿ ನಿಲ್ತದ."

ಬುಟ್ಟಿಯಿಂದ ಒಂದು ಚಿಟಿಕೆ ಹತ್ತಿ ಕಿತ್ತು ಎಡರೆಕ್ಕೆಯ ಅಂಚಿಗೆ ಸವರಿದಳು. ನಾನು ನುಣುಪು ಎಂದುಕೊಂಡಲ್ಲೇ ನಾಲ್ಕು ಕಡೆ ಎಳೆ ಸಿಕ್ಕಿತು. ಅಂದಿನಿಂದ ಹತ್ತು ಸಲ ಉಜ್ಜುವುದು, ಹತ್ತಿ ಸವರುವುದು. ಬೋಗುಣಿಯ ನೀರು ಬೂದಿ ಕಲಸಿದಂತಾಗುತ್ತಿತ್ತು. ಕಡೆಗೆ ಅಪ್ಪನ ಹಳೇ ಧೋತರದ ಚೂರಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ರೆಕ್ಕೆ ಫಳಫಳ. ಅಡುಗೆಮನೆಯಿಂದ ಅವ್ವ ಬಡಿಯುವ ರೊಟ್ಟಿಯ ಸದ್ದು, ಪಡಸಾಲೆಯಲ್ಲಿ ಪುದೀನಾ ಪೇಸ್ಟಿನ ವಾಸನೆ. ಅಷ್ಟು ಸುಖ ನನಗೆ ಆಮೇಲೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಆ ವರ್ಷವೇ ಅಪ್ಪ ಅಜ್ಜಿಗೆ ಹಲ್ಲಿನ ಸೆಟ್ಟು ಮಾಡಿಸಿದ್ದ. ಹಬ್ಬಕ್ಕೂ ಬಟ್ಟೆ ಅಂಗಡಿ ಮುಚ್ಚದ ಅಪ್ಪ ಅದಕ್ಕಾಗಿ ಮೂರು ಸಲ ಮುಚ್ಚಿ, ಅಜ್ಜಿಯನ್ನು ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ದಿದ್ದ. ದಿನಾ ಸಂಜೆ ಬಂದವನೇ, "ಹೆಂಗವ ಯವ್ವಾ ಹಲ್ಲು?" ಎನ್ನುತ್ತಿದ್ದ. "ಛಲೋ ಕುಂತಾವಪ್ಪಾ" ಎನ್ನುತ್ತಿದ್ದಳು ಅಜ್ಜಿ.

ಒಂದು ಮಧ್ಯಾಹ್ನ ಬೋಗುಣಿಗೆ ನೀರು ತುಂಬಲು ಒಳಗೆ ಹೋದೆ. ಅಜ್ಜಿ ಗೋಡೆಗೆ ಮುಖ ಮಾಡಿ ಕೂತು, ಹಲ್ಲಿನ ಸೆಟ್ಟನ್ನು ಸೆರಗಿನಲ್ಲಿಟ್ಟುಕೊಂಡು, ಮಜ್ಜಿಗೆಯಲ್ಲಿ ನೆನೆದ ರೊಟ್ಟಿ ನುಂಗುತ್ತಿದ್ದಳು.

"ಯಾಕ ತೆಗದೀ ಅಜ್ಜಿ?"

"ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನಂಗ ಎರಡೂ ಅದಾವು, ತಿನ್ನಾಕ ಬರವಲ್ದು" ಎಂದು ನಕ್ಕಳು. ಆಮೇಲೆ ಕೆಳತುಟಿ ಸರಿಸಿ ತೋರಿಸಿದಳು. ಒಸಡಿನ ಮೇಲೆ ಕೆಂಪಗೆ ಹುಣ್ಣು. "ಚುಚ್ಚಿದ್ರ ಮತ್ತ ಬರ್ರಿ ಅಂತ ಡಾಕ್ಟ್ರು ಹೇಳ್ಯಾರ. ಮೂರು ಸಲ ಅಂಗಡಿ ಮುಚ್ಯಾನ ನಿಮ್ಮಪ್ಪ. ಚುಚ್ಚತಾವ ಅಂದ್ರ ಮನಸ್ಸಿಗೆ ಹಚ್ಕೊಂತಾನ. ಹೇಳಬ್ಯಾಡವ್ವಾ."

ಅವಳ ಕುಪ್ಪಸದ ತೋಳು ಯಾಕೆ ಅಷ್ಟು ಸಡಿಲಾಗಿದೆ ಎಂದು ನನಗೆ ಆಗ ತಿಳಿಯಿತು. ಎರಡು ತಿಂಗಳಿಂದ ಅಜ್ಜಿ ಸರಿಯಾಗಿ ಉಂಡೇ ಇರಲಿಲ್ಲ. ನನಗೆ ಅಳು ಬಂತು, ಹೇಳುವುದಿಲ್ಲ ಎಂದೆ. ಅವಳು ಕೆಳಗಿನ ಸಾಲನ್ನು ತೊಳೆದು ನನ್ನ ಅಂಗೈಗಿಟ್ಟಳು.

"ವಿಮಾನ ತಿಕ್ಕಾಕಿ ಇದನ್ನ ತಿಕ್ಕಂಗಿಲ್ಲೇನು?"

ಬಲರೆಕ್ಕೆಯ ಸಂದು ಕಣ್ಣ ಮುಂದೆ ಬಂತು. ಇದನ್ನೂ ಹಾಗೆ ಕೆಡಿಸಿದರೆ ಅಜ್ಜಿಗೆ ಮತ್ತೆ ಹಲ್ಲೆಲ್ಲಿ? ಹತ್ತಿ ಸವರಿದೆ. ಒಳಅಂಚಿನ ಒಂದೇ ಒಂದು ಕಡೆ, ಸಾಸಿವೆಯಷ್ಟು ಜಾಗದಲ್ಲಿ ಎಳೆ ಸಿಕ್ಕಿತು. ಎಲ್ಲಕ್ಕಿಂತ ಸಣ್ಣ ಕಾಗದದ ಹೊಸ ಚೂರನ್ನು ನೀರಲ್ಲಿ ಅದ್ದಿ ಮೆಲ್ಲಗೆ ಹತ್ತು ಸಲ ಉಜ್ಜಿದೆ. ಹತ್ತಿ. ಮತ್ತೆ ಹತ್ತು. ಆರನೇ ಸಲಕ್ಕೆ ಹತ್ತಿ ಎಲ್ಲೂ ನಿಲ್ಲದೆ ಜಾರಿತು.

ಅಜ್ಜಿ ಅದನ್ನು ತೊಳೆದು ಹಾಕಿಕೊಂಡಳು. ಹುಣ್ಣು ಆರಲು ನಾಲ್ಕು ದಿನ ಬಿಟ್ಟಳು. ಐದನೇ ದಿನ ಡಬ್ಬಿಯಿಂದ ಒಂದು ಕಟಿರೊಟ್ಟಿ, ಒಣಗಿಸಿಟ್ಟ ಗಟ್ಟಿ ರೊಟ್ಟಿ, ತೆಗೆದು ಶೇಂಗಾ ಚಟ್ನಿ ಹಚ್ಚಿ ಕಚ್ಚಿದಳು. ಬಾಯಿಯನ್ನು ನನ್ನ ಕಿವಿಯ ಹತ್ತಿರ ತಂದು, "ಕೇಳಿಸ್ತೇನಬೇ?" ಎಂದಳು. ಕರುಂ ಕರುಂ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವಿಮಾನ ಬಲರೆಕ್ಕೆಯ ಸಂದಿನ ಸಮೇತ ಬಹಳ ವರ್ಷ ತೊಲೆಗೆ ನೇತಾಡಿ, ಮನೆ ಕಟ್ಟಿಸುವಾಗ ಕಾಣೆಯಾಯಿತು. ಅಜ್ಜಿಯೂ ಈಗಿಲ್ಲ. ಅಪ್ಪ ರಾಯಚೂರಿನಲ್ಲಿ ನನ್ನ ಜೊತೆಗಿದ್ದಾನೆ. ಈ ಚಳಿಗಾಲದಲ್ಲಿ ಅವನಿಗೂ ಸೆಟ್ಟು ಬಂತು. "ಹೆಂಗವಪ್ಪಾ?" ಎಂದರೆ, "ಛಲೋ ಕುಂತಾವವ್ವಾ" ಎನ್ನುತ್ತಾನೆ. ಎನ್ನುತ್ತ ರೊಟ್ಟಿಯನ್ನು ಹಾಲಿಗೆ ಮುರಿದುಕೊಳ್ಳುತ್ತಾನೆ.

ಮನೆಯೆಲ್ಲ ಹುಡುಕಿದೆ, ಒಂದು ಚಿಟಿಕೆ ಬಿಡಿ ಹತ್ತಿ ಸಿಗಲಿಲ್ಲ. ದೇವರ ಗೂಡಿನಲ್ಲಿದ್ದದ್ದು ಪೊಟ್ಟಣದ ಬತ್ತಿ, ಗಟ್ಟಿಯಾಗಿ ಒತ್ತಿದ್ದು, ಯಾವ ಮುಳ್ಳಿಗೂ ಸಿಗದು. ಗಿಲ್ಲೆಸುಗೂರಿನ ದಾರಿಯವರೆಗೆ ಗಾಡಿ ಓಡಿಸಿ, ಹತ್ತಿ ಲಾರಿಗಳು ಹೋದ ಬದಿಯ ಜಾಲಿಯಿಂದ ಒಂದು ಹಿಡಿ ಕಿತ್ತು ತಂದೆ. ನೀರಿನ ಕಾಗದ ಅಂಗಡಿಯಲ್ಲಿ ಸಿಕ್ಕಿತು. ಅಪ್ಪನ ಒಸಡಿನಲ್ಲೂ ಅದೇ ಹುಣ್ಣು; ಸೆಟ್ಟನ್ನು ಈಸಿಕೊಂಡು ಉಜ್ಜತೊಡಗಿದೆ.

"ಇದನ್ನ ಯಾರು ಕಲಿಸಿದ್ರು ನಿಂಗ?" ಎಂದ ಅಪ್ಪ, ನನ್ನ ಕೈ ನೋಡುತ್ತ.

"ಖಾಜಾ ಮಾಮಾ. ವಿಮಾನ ಮಾಡುವಾಗ" ಎಂದೆ. ಅಜ್ಜಿಗೆ ಕೊಟ್ಟ ಮಾತು ಮುರಿಯಲು ಮನಸ್ಸಾಗಲಿಲ್ಲ.

ಹುಣ್ಣು ಆರಿದ ಮೇಲೆ ಅಪ್ಪ ಕಟಿರೊಟ್ಟಿ ಕಚ್ಚಿದ. ಕರುಂ ಎಂದಿತು. ನಾನು ಕಿವಿಗೊಟ್ಟು ಕೂತಿದ್ದೆ. ಕೇಳಿಸ್ತೇನಬೇ ಎಂದು ಯಾರೂ ಕೇಳಲಿಲ್ಲ.