ಕಣಕಾಲು ಒತ್ತಿ ನೋಡುತ್ತಿದ್ದ ನರ್ಸಮ್ಮ

ನಮ್ಮೂರ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನ ಬಲಗೈ ಹೆಬ್ಬೆರಳು ಅಗಲವಾಗಿ, ತುದಿಯಲ್ಲಿ ಸುತ್ತಿಗೆಯಿಂದ ತಟ್ಟಿದ ಹಾಗೆ ಚಪ್ಪಟೆಯಾಗಿತ್ತು. ಬಸುರಿ ಹೆಂಗಸು ಕಂಡರೆ ಸಾಕು, ನರಸೀಪುರದ ಬಸ್ ಸ್ಟ್ಯಾಂಡೇ ಆಗಲಿ, ಸಂತೆಯೇ ಆಗಲಿ, ಬಗ್ಗಿ ಆ ಬೆರಳಿನಿಂದ ಕಣಕಾಲು ಒತ್ತಿ ನೋಡುವರು. ಗುಳಿ ಬಿದ್ದು ಹಾಗೇ ನಿಂತರೆ ನೀರು ತುಂಬಿದೆ ಅಂತ. ಅವರು ಬರುವುದು ಕಂಡರೆ ನಮ್ಮೂರ ಬಸುರಿಯರು ತಾವಾಗೇ ಸೀರೆ ಒಂದು ಗೇಣು ಎತ್ತಿ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚೊಚ್ಚಲ ಬಸುರಿ. ಊರ ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳುತ್ತಿದ್ದೆ. ಏಳು ತಿಂಗಳಿಗೆ ಎಡಗಾಲಿನ ನರಗಳು ನೀಲಿಗಟ್ಟಿ, ಎರೆಹುಳುಗಳಂತೆ ಎದ್ದವು. ನರ ಮೇಲಕ್ಕೆ ಏರಬಾರದೆಂದು ನಮ್ಮತ್ತೆ ಮಾದಪ್ಪನ ಹೆಸರು ಹೇಳಿ ಮೊಣಕಾಲ ಕೆಳಗೆ ಕರಿದಾರ ಬಿಗಿದರು.

"ತಿಣುಕಿದ್ರೆ ನರ ಒಡುದೋಯ್ತದೆ ಕಣವ್ವ. ಆಪರೇಸನ್ನೇ ಮಾಡಿಸ್ಕೊ," ಅಂದರು. ನನಗೂ ಅದೇ ಭಯ. ಸಿಸೇರಿಯನ್ನೇ ಸರಿ ಎಂದುಕೊಂಡಿದ್ದೆ.

ನರ್ಸಮ್ಮ ಬಂದವರೇ ಕತ್ತರಿ ತೆಗೆದು ದಾರ ಕತ್ತರಿಸಿದರು.

"ಮಾದಪ್ಪನ ದಾರ ಅದು," ಎಂದು ಅತ್ತೆ ಸಿಡುಕಿದರು.

"ಕೈಗೆ ಕಟ್ಟುದ್ರೂ ಮಾದಪ್ಪ ಕಾಯ್ತಾನೆ ಕಣಕ್ಕ. ಕಾಲ್ಗೆ ಬಿಗುದ್ರೆ ರಕ್ತ ಎಲ್ಗೋಗದು?" ಎಂದು ಅದನ್ನೇ ನನ್ನ ಮಣಿಕಟ್ಟಿಗೆ ಕಟ್ಟಿದರು.

ಮರುದಿನ ಅವರೇ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ನರ ಉಬ್ಬಿದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ, ಮಾಡಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇನ್ನೂ ಹೆಚ್ಚು, ಎಂದರು ಡಾಕ್ಟರಮ್ಮ. ವಾಪಸ್ ಬಸ್ಸಿನಲ್ಲಿ ನಾನು ನರ ಒಡೆದೇ ಹೋಗುತ್ತದೆಂದು ಅಳುತ್ತಿದ್ದೆ.

"ಎದ್ರಿಕೆಗೆ ಒಟ್ಟೆ ಕೊಯ್ಸ್ಕಬ್ಯಾಡ ಮಗ. ಕೊಯ್ಬೇಕಾದ ಕಾಲ ಬಂದ್ರೆ ನಾನೇ ಏಳ್ತೀನಿ," ಅಂದರು ನರ್ಸಮ್ಮ.

ಬೆಳಿಗ್ಗೆ ನಾನು ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಪಾದದಿಂದ ಮೇಲಕ್ಕೆ ಎಲಾಸ್ಟಿಕ್ ಪಟ್ಟಿ ಸುತ್ತುವುದನ್ನು ನನ್ನ ಗಂಡನಿಗೆ ಕಲಿಸಿದರು. "ಪಂಚೆ ಸುತ್ಕಳಾಕ್ ಬತ್ತದಲ್ವಾ, ಇದೂ ಬತ್ತದೆ ಸುತ್ತಪ್ಪ."

ನೋವು ಹತ್ತಿ ಅವರ ಆಸ್ಪತ್ರೆಗೆ ಸೇರಿದಾಗ ನಾನು ಎಲ್ಲ ಮರೆತು ಆಪರೇಷನ್ ಮಾಡಿ ಎಂದು ಕಿರುಚಿದೆ. ನರ್ಸಮ್ಮ ಎಡಮಗ್ಗುಲಿಗೆ ಹೊರಳಿಸಿ, ಕಾಲು ಹಿಡಿದು, "ಉಸ್ರು ಬುಟ್ಟು ಬುಟ್ಟು ತಿಣುಕು," ಅಂದರು. ಮಗಳು ಹುಟ್ಟಿದಳು. ಯಾವ ನರವೂ ಒಡೆಯಲಿಲ್ಲ. ಬಾಣಂತಿ ಮಂಚ ಇಳಿಯಬಾರದೆಂದು ಅತ್ತೆ ಗೊಣಗುತ್ತಿದ್ದರೂ ಮರುದಿನವೇ ನರ್ಸಮ್ಮ ನನ್ನನ್ನು ವಾರ್ಡಿನ ಉದ್ದಕ್ಕೂ ನಡೆಸಿದರು.

ಮೂರು ವರ್ಷದ ಮೇಲೆ ಎರಡನೆಯದು ಹೊಟ್ಟೆಯಲ್ಲಿ ಅಡ್ಡ ಮಲಗಿತು. ದಿನ ತುಂಬಿದರೂ ತಿರುಗಲಿಲ್ಲ. ಈ ಸಲ ಡಾಕ್ಟರೇ ಆಪರೇಷನ್ ಆಗಲೇಬೇಕು ಅಂದರೆ, ಒಂದು ಹೆತ್ತವಳಿಗೆ ಇದೇನು ಮಹಾ ಎಂದು ನಾನು ಒಲ್ಲೆ ಅಂದೆ.

"ಆವತ್ತು ಎದ್ರುಕೊಂಡು ಬೇಕು ಅಂದೆ, ಇವತ್ತು ಜಂಬಕ್ಕೆ ಬ್ಯಾಡ ಅಂತೀಯ. ಮಗೀಗೆ ಏನ್ಬೇಕು ಅಂತ ನೋಡುದ್ಯಾ?" ಅಂದರು ನರ್ಸಮ್ಮ.

ಸಹಿ ಹಾಕಿದೆ. ಥಿಯೇಟರಿನ ಬಾಗಿಲವರೆಗೂ ಅವರು ನನ್ನ ಕೈ ಬಿಡಲಿಲ್ಲ. ಮಗ ಊರೆಲ್ಲ ಕೇಳುವ ಹಾಗೆ ಅಳುತ್ತಾ ಬಂದ.

ನಿವೃತ್ತರಾದ ಮೇಲೆ ಅವರು ಬನ್ನೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ತೀರಿಕೊಂಡ ಸುದ್ದಿ ಬಂದ ದಿನ ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸದೆ ಜೊತೆಗೆ ಕರೆದುಕೊಂಡು ಹೋದೆ. ಅಷ್ಟು ಜನರ ನಡುವೆ ಅವರ ತಂಗಿ ನನ್ನನ್ನು ನೋಡಿ, "ನಮ್ಮಕ್ಕ ನಿಮ್ಗೆ ಏನಾಗ್ಬೇಕವ್ವ?" ಎಂದು ಕೇಳಿದರು.

ಮಕ್ಕಳಿಬ್ಬರನ್ನೂ ಮುಂದಕ್ಕೆ ನಿಲ್ಲಿಸಿದೆ.