ಎದೆ ತೊರೆಬಿಟ್ಟ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಒಲೆಯ ಮೇಲೆ ಏನೋ ಇದೆ ಎಂದು ನೆಪ ಹೇಳಿ ಎದ್ದುಹೋಗುವವಳು ನಾನು. ಮಗಳ ಸಂಕಟ ತಾಯಿಗೆ ದೂರದಿಂದಲೇ ತಿಳಿಯುತ್ತದೆ ಎನ್ನುವುದು ನನಗೆ ಬರೀ ಮಾತಾಗಿತ್ತು. ಈಗ ನಾನೇ ಹೇಳಬೇಕಾಗಿದೆ. ನೀವು ನಂಬಬೇಕೆಂದೇನೂ ಇಲ್ಲ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಸಿಂದಗಿಯ ನಮ್ಮ ಮನೆಯಲ್ಲಿ ಊಟ ಮುಗಿಸಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ಮಗಳು ಹಲಸಂಗಿಯ ಅತ್ತೆಮನೆಯಲ್ಲಿದ್ದಳು. ಬಸಿರಿಗೆ ಎಂಟನೇ ತಿಂಗಳು ಬಿದ್ದಿತ್ತು, ಮುಂದಿನ ವಾರ ಬಾಣಂತನಕ್ಕೆ ಕರೆತರುವವರಿದ್ದೆವು. ಇದ್ದಕ್ಕಿದ್ದಂತೆ ನನ್ನ ಎದೆ ಬಿಗಿದು ಬಂತು. ನೋಡಿದರೆ ಕುಪ್ಪಸ ಒದ್ದೆ. ನೀರು ಚೆಲ್ಲಿಕೊಂಡೆನೇನೋ ಎಂದು ಬದಲಿಸಿದೆ. ಅದೂ ಒದ್ದೆಯಾಯಿತು. ಐವತ್ತು ದಾಟಿ, ಮುಟ್ಟು ನಿಂತು ವರ್ಷಗಳಾದ ನನ್ನ ಎದೆಯಲ್ಲಿ ಹಾಲು.

ನಾಚಿಕೊಂಡೇ ನಮ್ಮವರಿಗೆ ಹೇಳಿದೆ. “ಮೊಮ್ಮಗಗ ಈಗಿಂದನ ತಯಾರಿ ನಡಿಸೀಯೇನ?” ಎಂದು ನಕ್ಕರು. ಮಗಳಿಗೆ ಫೋನ್ ಮಾಡಿದೆ. ಆರಾಮಾಗಿದ್ದೇನೆ, ಒಣಗಿದ ಬಟ್ಟೆ ಮಡಚುತ್ತಿದ್ದೇನೆ ಎಂದಳು. ಅಷ್ಟು ಕೇಳಿ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಸೆರಗಿನೊಳಗೆ ಟವೆಲ್ ಮಡಚಿಟ್ಟುಕೊಂಡು ನಮ್ಮವರನ್ನು ಹೊರಡಿಸಿದೆ. ಪರಿಚಯದವರ ಕಾರಿನಲ್ಲಿ ಇಂಡಿ ದಾಟಿ ಹಲಸಂಗಿ ಮುಟ್ಟುವಾಗ ಬಿಸಿಲು ಇಳಿದಿತ್ತು.

“ಏನ್ರಿ ಬೀಗ್ತಿ, ಮಗಳನ್ನ ಉಪಾಸ ಕೆಡವೇವಂತ ನೋಡಾಕ ಬಂದ್ರೇನು?” ಎಂದರು ಮಗಳ ಅತ್ತೆ. ಅಷ್ಟರಲ್ಲೇ ಮಗಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮುಖ ಬಾತಿತ್ತು.

“ಯವ್ವಾ, ಈಗ ತಲಿ ಸಿಡ್ಯಾಕತ್ತೈತಿ. ಕಣ್ಣ ಮುಂದ ಬರೇ ಮಿಂಚ.”

ಅದೇ ಕಾರಿನಲ್ಲಿ ಇಂಡಿಯ ಆಸ್ಪತ್ರೆಗೆ ಒಯ್ದೆವು. ರಕ್ತದೊತ್ತಡ ಏರಿಹೋಗಿತ್ತು. ಇನ್ನಷ್ಟು ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ, ಕೂಸೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಆಪರೇಷನ್ ಮಾಡಿ ಕೂಸನ್ನು ತೆಗೆದರು. ಸಣ್ಣ ಹೆಣ್ಣುಕೂಸು. ಅದು ಅತ್ತ ಮೇಲೆ ನನ್ನ ಎದೆ ಒಣಗಿತು.

ಮನೆಗೆ ಕಳಿಸುವ ಮುನ್ನ ಡಾಕ್ಟರಮ್ಮ ಬಿಡಿಸಿ ಹೇಳಿದರು. ರೋಗದೊಡನೆ ಕಾದಾಡುವ ತಾಯಿಯ ಕಾವಲು ಜೀವಕೋಶಗಳು ಕೂಸನ್ನು ಪೋಷಿಸುವ ಮಾಸು ಅಂಟಿಕೊಂಡ ಜಾಗದಲ್ಲೂ ಇರುತ್ತವಂತೆ. ಕೂಸಿನಲ್ಲಿ ಅರ್ಧ ತಂದೆಯದು, ತಾಯಿಯ ಮೈಗೆ ಹೊರಗಿನದು. ಆದರೂ ಅವು ಅದನ್ನು ಅಟ್ಟುವುದಿಲ್ಲ. ಬಸಿರು ನೆಟ್ಟಗಿದ್ದರೆ ರಕ್ತದ ದಾರಿ ಅಗಲ ಮಾಡಿಕೊಡುತ್ತವೆ. ನಿಮ್ಮ ಮಗಳಲ್ಲಿ ಆ ಹೊಂದಾಣಿಕೆ ಮೊದಲೇ ತಪ್ಪಿರಬಹುದು, ಮಾಸು ಸೊರಗಿತ್ತು, ರಕ್ತದೊತ್ತಡ ಏರಿದ್ದೂ ಅದರಿಂದಲೇ ಇರಬೇಕು ಎಂದರು.

ಆಗ ನಾನು ಹಾಲಿನ ಸಂಗತಿ ಹೇಳಿದೆ. ಅವರು ನಗಲಿಲ್ಲ. ನನ್ನ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ.

“ಹೊತ್ತ ಕೂಸಿನ ಜೀವಕೋಶ ಒಂದಿಷ್ಟು ತಾಯಿ ಮೈಯಾಗ ಭಾಳ ವರ್ಷ ಉಳೀತಾವ್ರಿ. ಆದ್ರ ಅವು ಸುದ್ದಿ ತರ್ತಾವಂತ ನನಗ ಹೇಳಾಕ ಬರಂಗಿಲ್ಲ.”

“ಸತ್ತ ಕೂಸಿಂದೂ ಉಳೀತಾವೇನ್ರಿ?”

“ಉಳೀಬಹುದ್ರಿ.”

ಮಗಳಿಗಿಂತ ಮೊದಲು ನನಗೊಬ್ಬ ಮಗ ಹುಟ್ಟಿದ್ದ. ಹಾಲು ಬರುವ ಮುಂಚೆಯೇ ಹೋದ. ಆಮೇಲೆ ಬಂದ ಹಾಲನ್ನು ಹಿಂಡಿ ಚೆಲ್ಲಿದ್ದೆ. ಆ ಮಧ್ಯಾಹ್ನ ಮಗಳಿಗೆ ಇನ್ನೂ ಯಾವ ತೊಂದರೆಯೂ ಗೊತ್ತಾಗಿರಲಿಲ್ಲ, ಅವಳೇ ಆರಾಮ ಎಂದಿದ್ದಳು. ಹಾಗಾದರೆ ನನ್ನನ್ನು ಎಬ್ಬಿಸಿದ್ದು ಯಾರು?

ಅವತ್ತು ಯಾಕೆ ಬಂದೆ ಎಂದು ಮಗಳು ಕೇಳಿದಾಗ ಯಾರೋ ಕರೆದಂತಾಯಿತು ಎಂದಷ್ಟೇ ಹೇಳಿದ್ದೇನೆ. ಯಾರು ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಹೆಸರಿಲ್ಲ. ಹೆಸರಿಡುವಷ್ಟು ದಿನ ಅವನು ಇರಲೇ ಇಲ್ಲ.